ಹಗಲು ನಿದ್ದೆಯ ಮೇಲೆ ಹೆಲಿಕಾಪ್ಟರ್

ನನ್ನ ಗಂಡನ ಕೆಲಸ ಬೇರೆಯವರನ್ನು ಮಲಗಿಸುವುದು. ಲಂಡನ್ನಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರು. ಆ ವರ್ಷ ತಿಂಗಳಲ್ಲಿ ಅರ್ಧಕ್ಕರ್ಧ ನೈಟ್ ಶಿಫ್ಟ್. ಬೆಳಿಗ್ಗೆ ಬಂದು, ಒಂದು ಲೋಟ ಹಾಲು ಕುಡಿದು, ಪರದೆ ಎಳೆದು ಮಲಗಿದರೆಂದರೆ ಸಂಜೆಯ ತನಕ ಅವರನ್ನು ಎಬ್ಬಿಸುವ ಹಕ್ಕು ಯಾರಿಗೂ ಇಲ್ಲ ಎಂಬುದು ನಮ್ಮ ಮನೆಯ ಕಾನೂನು. ಅದನ್ನು ಮುರಿದದ್ದು ಹೆಲಿಕಾಪ್ಟರ್.

ಉತ್ತರ ಲಂಡನ್ನಿನ ನಮ್ಮ ಫ್ಲಾಟಿನ ಹತ್ತಿರವೇ ಉಳ್ಳವರ ಓಡಾಟಕ್ಕೆಂದು ಒಂದು ಖಾಸಗಿ ಹೆಲಿಪ್ಯಾಡ್ ಇದೆ. ಅಪಘಾತವಾದವರನ್ನು ಹೊತ್ತು ತರುವ ಹೆಲಿಕಾಪ್ಟರ್ ಆಗಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಇವು ಟ್ರಾಫಿಕ್ಕಿನಲ್ಲಿ ಕಾಯಲು ಮನಸ್ಸಿಲ್ಲದವರನ್ನು ಊಟಕ್ಕೋ ಕುದುರೆ ಪಂದ್ಯಕ್ಕೋ ಕರೆದೊಯ್ಯುವಂಥವು. ನಮ್ಮ ತಲೆಯ ಮೇಲಿಂದಲೇ ಇಳಿಯುತ್ತಿದ್ದವು. ಮೊದಲು ಅಡುಗೆಮನೆಯಲ್ಲಿ, ರೇನರ್ಸ್ ಲೇನ್ ಬೀದಿಯ ಇಂಡಿಯನ್ ಅಂಗಡಿಯಿಂದ ತಂದ ಸ್ಟೀಲ್ ಡಬ್ಬಿಗಳ ಮುಚ್ಚಳಗಳು ಕಿಣಿಕಿಣಿ ಎನ್ನುತ್ತಿದ್ದವು. ಆಮೇಲೆ ಎದೆಯೊಳಗೆ ದಡದಡ. ಆಮೇಲೆ ಗಂಡ ಕೋಣೆಯಿಂದ ಎದ್ದು ಬರುತ್ತಿದ್ದರು.

ಒಂದು ದಿನ ಹೀಗೆ ಎದ್ದು ಬಂದವರು ಕಾಫಿಯನ್ನೂ ಕೇಳದೆ ಕೂತರು.

"ನೆನ್ನೆ ಆಪರೇಷನ್ ಥಿಯೇಟರ್‌ನಲ್ಲಿ ಸಿರಿಂಜ್ ಮೇಲಿನ ಲೇಬಲ್ ಓದಿದೆ ಕಣೆ. ತಲೆಗೆ ಹೋಗ್ಲಿಲ್ಲ. ಮತ್ತೆ ಓದಿದೆ, ಆಗ್ಲೂ ಹೋಗ್ಲಿಲ್ಲ. ಕೊನೆಗೆ ನರ್ಸ್ ಕೈಲಿ ಓದಿಸ್ದೆ." ಅವರ ಮೈಸೂರು ದನಿ ಯಾವತ್ತೂ ಮೆತ್ತಗೆ. ಅವತ್ತು ಅದರಲ್ಲಿ ಹೆದರಿಕೆಯಿತ್ತು.

"ಏನೂ ಆಗಲಿಲ್ಲ ಹೌದಲ್ರಿ?" ಎಂದೆ.

"ಈ ಸಲ ಆಗ್ಲಿಲ್ಲ."

ಆ 'ಈ ಸಲ' ಎಂಬ ಮಾತೇ ನನಗೆ ಸಾಕಾಯಿತು. ನಾನು ಧಾರವಾಡದವಳು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಸಾಲದ್ದಕ್ಕೆ ಸದ್ದನ್ನು ಅಳೆಯುವುದೇ ನನ್ನ ಕಸುಬು. ಕಟ್ಟಡಗಳ ಏಸಿ, ಲಿಫ್ಟುಗಳ ಗದ್ದಲವನ್ನು ಅಳೆದು ತಗ್ಗಿಸುವ ಇಂಜಿನಿಯರ್ ನಾನು. ಹೆಲಿಪ್ಯಾಡಿನವರು ಹಾರಾಟ ಹೆಚ್ಚಿಸಲು ಕೌನ್ಸಿಲಿನ, ಅಂದರೆ ಇಲ್ಲಿಯ ನಗರಸಭೆಯ, ಅನುಮತಿ ಕೇಳಿದ್ದರು. ಅದರ ಜೊತೆಗಿಟ್ಟ ಸದ್ದಿನ ವರದಿಯನ್ನು ಓದಿದೆ. ಅದರಲ್ಲಿ ಒಂದೇ ಒಂದು ಸುಳ್ಳು ಇರಲಿಲ್ಲ. ಅದಕ್ಕೇ ನನ್ನ ಸಿಟ್ಟು ನೆತ್ತಿಗೇರಿತು.

ಅವರು ಮೀಟರನ್ನು ಮನುಷ್ಯನ ಕಿವಿಯಂತೆ ಕೇಳಿಸಿಕೊಳ್ಳುವ ಅಳತೆಗೆ ಇಟ್ಟಿದ್ದರು. ಎಲ್ಲರೂ ಹಾಗೇ ಇಡುತ್ತಾರೆ, ನಾನೂ ಇಡುತ್ತೇನೆ. ಆದರೆ ಆ ಅಳತೆ ಮಂದ್ರದ ಸದ್ದನ್ನು ಬಹುಪಾಲು ಕಡಿತ ಮಾಡಿಯೇ ಬರೆದುಕೊಳ್ಳುತ್ತದೆ. ಹೆಲಿಕಾಪ್ಟರಿನ ರೆಕ್ಕೆಯ ಬಡಿತವೋ ಮಂದ್ರದ್ದೇ. ನಮ್ಮ ಕಿಟಕಿಯ ಜೋಡಿ ಗಾಜು ರಸ್ತೆಯ ಕೀರಲು ಸದ್ದನ್ನು ತಡೆಯುತ್ತದೆ, ಇದನ್ನು ತಡೆಯುವುದಿಲ್ಲ. ಇದು ಗೋಡೆಯನ್ನೇ ನಡುಗಿಸಿಕೊಂಡು ಒಳಗೆ ಬರುತ್ತದೆ. ಮೀಟರ್ ಬಿಟ್ಟುಬಿಟ್ಟದ್ದು ನನ್ನ ಡಬ್ಬಿ ಮುಚ್ಚಳಗಳಿಗೆ ಕೇಳಿಸುತ್ತಿತ್ತು. ಮೇಲೆ ಸರಾಸರಿ ಬೇರೆ. ಖಾರವಾದ ಸಾರಿಗೆ ಕೊಡಗಟ್ಟಲೆ ನೀರು ಸುರಿದು, ಖಾರ ಎಲ್ಲಿದೆ ತೋರಿಸಿ ಎಂದಂತೆ, ಇಡೀ ಹಗಲಿನ ಮೌನವನ್ನು ಬಡಿತದ ಮೇಲೆ ಸುರಿದಿದ್ದರು. ರಾತ್ರಿಗೆ ಬಿಗಿಯಾದ ಮಿತಿ, ಹಗಲಿಗೆ ಸಡಿಲ. ಹಗಲು ಜನ ಎಚ್ಚರವಾಗಿರುತ್ತಾರಂತೆ.

ಪರಿಹಾರ ಇಲ್ಲವೇ ಎಂದರೆ ಇದೆ, ಅದೇ ಹೊಟ್ಟೆ ಉರಿಸುವ ಸಂಗತಿ. ಆ ಬಡಿತ ಇಂಜಿನ್ನಿನದಲ್ಲ. ತಿರುಗುವ ಪ್ರತಿ ರೆಕ್ಕೆಯೂ ತನ್ನ ತುದಿಯಿಂದ ಗಾಳಿಯಲ್ಲಿ ಒಂದು ಸುಳಿ ಬಿಟ್ಟು ಹೋಗುತ್ತದೆ. ಇಳಿಯುವಾಗ ಹಿಂದಿನಿಂದ ಬರುವ ರೆಕ್ಕೆ ಆ ಸುಳಿಗೇ ಹೋಗಿ ಹೊಡೆಯುತ್ತದೆ. ಒದ್ದೆ ಚಾದರವನ್ನು ಒಗೆಯುವ ಕಲ್ಲಿಗೆ ಬಡಿದಂಥ ಸದ್ದು. ಇಳಿಯುವ ಕೋನವನ್ನೂ ವೇಗವನ್ನೂ ಬದಲಿಸಿದರೆ ಸುಳಿ ರೆಕ್ಕೆಗೆ ಸಿಗದೆ ದೂರ ಸರಿಯುತ್ತದೆ, ಬಡಿತ ಎಷ್ಟೋ ತಗ್ಗುತ್ತದೆ. ಹೊಸ ಹೆಲಿಕಾಪ್ಟರ್ ಬೇಕಿಲ್ಲ. ಹಾಗೆಯೇ ಇಳಿಯಬೇಕೆಂದು ಪೈಲಟ್‌ಗಳಿಗೆ ಕಟ್ಟುಪಾಡು ಮಾಡಿದರೆ ಸಾಕು.

ಕೌನ್ಸಿಲಿನ ಸಭೆ ಮಧ್ಯಾಹ್ನವಿತ್ತು. ಗಂಡ ರಾತ್ರಿಯ ಶಿಫ್ಟ್ ಮುಗಿಸಿದವರು ಮಲಗದೆ ನನ್ನ ಜೊತೆ ಬಂದು ಮುಂದಿನ ಸಾಲಿನಲ್ಲಿ ಕೂತರು. ನನ್ನ ಸರದಿ ಬಂದಾಗ, ಮಲಗುವ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದ ಸದ್ದನ್ನು ಲ್ಯಾಪ್‌ಟಾಪಿನಲ್ಲಿ ಕೇಳಿಸಿದೆ. ಎಡವಿದ್ದು ಅಲ್ಲೇ. ಅಂಗೈಯಗಲವೂ ಇಲ್ಲದ ಸ್ಪೀಕರಿನಿಂದ ಮಂದ್ರ ಬರುವುದೇ ಇಲ್ಲ ಎಂಬುದು ನನ್ನ ಕಸುಬಿನ ಮೊದಲ ಪಾಠ. ಸಿಟ್ಟಿನ ಭರದಲ್ಲಿ ಮರೆತಿದ್ದೆ. ಸಭಾಂಗಣದಲ್ಲಿ ಟೇಬಲ್ ಫ್ಯಾನ್ ತಿರುಗಿದಷ್ಟು ಸದ್ದಾಯಿತು.

ಹೆಲಿಪ್ಯಾಡಿನವರ ತಜ್ಞ ನಕ್ಕು, ನಮ್ಮ ವರದಿ ಹೇಳುವುದೂ ಇಷ್ಟನ್ನೇ ಎಂದ. ಕೆಲವರು ಅವನ ಜೊತೆ ನಕ್ಕರು. "ಅಷ್ಟಕ್ಕೂ ಇಂಥ ಹೊತ್ತಿನಲ್ಲಿ ಮಲಗಿರುವವರು ಯಾರು?" ಎಂದು ಆ ತಜ್ಞ ಮತ್ತೆ ಕೇಳಿದ.

ಮುಂದಿನ ಸಾಲಿನಿಂದ ಗೊರಕೆ ಕೇಳಿಸಿತು.

ನನ್ನ ಗಂಡ ಕೋಟು ಕೂಡ ಬಿಚ್ಚದೆ, ಕತ್ತು ವಾಲಿಸಿಕೊಂಡು ನಿದ್ದೆ ಹೋಗಿದ್ದರು. ಎಲ್ಲರೂ ತಿರುಗಿ ನೋಡಿದರು. "ಇವರು ಮಲಗಿರುತ್ತಾರೆ," ಎಂದೆ. "ನಿನ್ನೆ ರಾತ್ರಿ ಈ ಊರಿನ ಜನಕ್ಕೆ ಅರಿವಳಿಕೆ ಕೊಟ್ಟು ಬಂದಿದ್ದಾರೆ. ಇವತ್ತು ರಾತ್ರಿ ಮತ್ತೆ ಕೊಡಬೇಕು. ಆಪರೇಷನ್ ಮೇಜಿನ ಮೇಲೆ ನಿಮ್ಮವರೇ ಯಾರಾದರೂ ಇರಬಹುದು." ಇಳಿಯುವ ಕೋನ ಬದಲಿಸುವುದನ್ನು ಕಡ್ಡಾಯ ಮಾಡಿ ಎಂದೂ ಕೇಳಿದೆ.

ಅಧ್ಯಕ್ಷೆ ನಯವಾಗಿಯೇ, ಹಾಗಾದರೆ ಅವರನ್ನು ಎಬ್ಬಿಸಿ, ಅವರೇ ಎರಡು ಮಾತು ಹೇಳಲಿ ಎಂದರು.

ಎಬ್ಬಿಸುವುದಿಲ್ಲ ಎಂದೆ. ನನ್ನ ಪಾಲಿನ ಸಮಯ ಇನ್ನೂ ಉಳಿದಿತ್ತು. ಅದಷ್ಟನ್ನೂ ಮೈಕಿನ ಮುಂದೆ ಬಾಯಿ ಮುಚ್ಚಿಕೊಂಡು ನಿಂತು ಕಳೆದೆ. ಮೈಕಿಗೆ ಗಂಡನ ಗೊರಕೆಯಷ್ಟೇ ಕೇಳಿಸುತ್ತಿತ್ತು. ವಾರಗಟ್ಟಲೆಯಿಂದ ಅವರಿಗೆ ಅಂಥ ನಿದ್ದೆ ಸಿಕ್ಕಿರಲಿಲ್ಲ, ಸಿಕ್ಕಿದ್ದು ಕೌನ್ಸಿಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನನಗೆ ಅಳು ಬಂತು, ಅಳುವಷ್ಟೇ ಸಿಟ್ಟೂ ಬಂತು.

ಸಂಜೆಯಾಗುತ್ತ ಬಂದಾಗ ಸದಸ್ಯರ ಕೈಗಳು ಮತಕ್ಕೆ ಮೇಲೆದ್ದವು. ಹೆಲಿಪ್ಯಾಡಿನವರಿಗೆ ಅನುಮತಿ ಸಿಕ್ಕಿತು. ಕೋನ ಬದಲಿಸುವ ಮಾತಿಗೆ 'ಸಾಧ್ಯವಾದಾಗ' ಎಂದು ಸೇರಿಸಿದರು. ಸಾಧ್ಯವೋ ಇಲ್ಲವೋ ಎಂದು ತೀರ್ಮಾನಿಸುವವರು ಹೆಲಿಪ್ಯಾಡಿನವರೇ. ಅಧ್ಯಕ್ಷೆ ಅದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದಿದಾಗ ಗಂಡನಿಗೆ ಎಚ್ಚರವಾಯಿತು.

"ಏನಂದ್ರು?" ಎಂದು ಕಣ್ಣುಜ್ಜಿಕೊಳ್ಳುತ್ತ ಕೇಳಿದರು.

"ಹಗಲಿನ್ಯಾಗ ಯಾರೂ ಮಲ್ಕೊಳ್ಳಂಗಿಲ್ಲಂತ್ರಿ," ಎಂದೆ. "ಏಳ್ರಿ, ನಿಮ್ಮ ಶಿಫ್ಟಿಗೆ ಹೊತ್ತಾತು."