ಟವಲ್ಲಿನ ಓಟು

ಹಂಗಳದ ಕಡೆಯ ನಮ್ಮೂರಿನ ಹಾಲಿನ ಡೈರಿಯಲ್ಲಿ, ಹಾಲಿಗೆ ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುವ ಟೆಸ್ಟರ್ ಕೆಲಸ ಖಾಲಿಯಾಯಿತು. ತೊಂಬತ್ತರ ದಶಕದ ಮಾತು. ಕೇಳಿದವರು ಇಬ್ಬರು: ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು, ಮೇಲಿನ ಬೀದಿಯ ಒಬ್ಬ ಹುಡುಗ. ಆ ಕೆಲಸ ಸಿಗದಿದ್ದರೆ ನನಗೆ ಮದುವೆಯೊಂದೇ ದಾರಿ. ಅದೂ ತಯಾರಾಗಿತ್ತು. ಚಾಮರಾಜನಗರದ ಗಂಡಿನವರು ನನ್ನನ್ನು ನೋಡಿಕೊಂಡು ಹೋಗಿದ್ದರು. ಡೈರಿಯ ಸಭೆ ಸೇರಿದ ದಿನವೇ ಅವರ ಉತ್ತರ ತರಲು ಸೋದರಮಾವ ಅಲ್ಲಿಗೆ ಹೋಗಿದ್ದ.

ಸಭೆಯಲ್ಲಿ ಡೈರಿಯ ನಿರ್ದೇಶಕರು ಕೈ ಎತ್ತಿದರು. ನಾಲ್ಕು ಕೈ ನನಗೆ, ನಾಲ್ಕು ಅವನಿಗೆ. ಅವನ ಕಡೆ ಎದ್ದ ಕೈಗಳಲ್ಲಿ ನಿರ್ದೇಶಕರಾಗಿದ್ದ ನಮ್ಮಪ್ಪನದೂ ಒಂದು.

ಉಳಿದದ್ದು ಒಂದು ಟವಲ್ಲು. ಸಭೆಗೆ ಬರಲಾಗದವರು ಹೆಗಲ ಟವಲ್ಲು ಕಳಿಸಿ, ತಂದವನ ಬಾಯಲ್ಲಿ ಮಾತು ಹೇಳಿಸಿದರೆ ಅದೂ ಓಟೇ ಎನ್ನುವುದು ನಮ್ಮೂರ ಪದ್ಧತಿ. ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಮಲಗಿದ್ದ ಹಿರಿಯ ನಿರ್ದೇಶಕರ ಟವಲ್ಲನ್ನು ಅವರ ಮಗ ಮೇಜಿನ ಮೇಲಿಟ್ಟು ಒಪ್ಪಿಸಿದ: “ಹುಡ್ಗಿ ಮದ್ವೆ ಗೊತ್ತಾದ್ರೆ ನಮ್ಮಪ್ಪನ್ ಓಟು ಹುಡುಗನ್ಗೆ. ಇಲ್ದಿದ್ರೆ ಹುಡ್ಗಿಗೆ.”

ನನ್ನ ಹಣೆಬರಹ ಬರೆಯಲು ಬ್ರಹ್ಮನೇ ಬೇಕಿರಲಿಲ್ಲ, ಇವರ ಟವಲ್ಲೇ ಸಾಕಿತ್ತು. ಎಲ್ಲರೂ ಚಾಮರಾಜನಗರದ ಬಸ್ಸು ಕಾಯುತ್ತ ಕೂತೆವು. ಗಂಡಿನವರು ಬೇಡ ಎನ್ನಲಿ ಎಂದು ನಾನು ನೆನಪಿಗೆ ಬಂದ ದೇವರಿಗೆಲ್ಲ ಹರಕೆ ಹೊತ್ತೆ.

ಬಸ್ಸಿಳಿದ ಮಾವ ನಗುತ್ತಲೇ ಬಂದ. “ಒಪ್ಕಂಡ್ರು ಕಣಮ್ಮಿ.”

ಅಧ್ಯಕ್ಷರು ಟವಲ್ಲನ್ನು ಹುಡುಗನ ಕಡೆ ಸರಿಸಿದರು.

“ಅವ್ರು ಒಪ್ಕಂಡವ್ರೆ. ನಾನು ಒಪ್ಕಂಡಿಲ್ಲ,” ಎಂದೆ.

ಮಾವನ ನಗು ಅಲ್ಲೇ ನಿಂತಿತು. ಅಧ್ಯಕ್ಷರು ನನ್ನನ್ನೇ ನೋಡಿದರು. “ಇವತ್ತು ಬ್ಯಾಡ ಅಂತೀಯೆ, ನಾಳೆ ಹೂಂ ಅಂದ್ರೆ? ಗಳಿಗೆಗೊಂದು ಕಡೆ ವಾಲೋ ಓಟ್ನ ನಾ ಹೆಂಗವ್ವ ಎಣಿಸ್ಲಿ?” ಎಂದವರೇ ಟವಲ್ಲು ಮಡಚಿ ತಂದವನ ಕೈಗೇ ಕೊಟ್ಟರು. ಮತ್ತೆ ನಾಲ್ಕಕ್ಕೆ ನಾಲ್ಕು. ಚೀಟಿ ಎತ್ತಿಸೋಣ ಎಂದರು ಯಾರೋ.

ಅಪ್ಪ ಎದ್ದು ನಿಂತರು. ಎಲ್ಲರೆದುರೂ ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ.

“ಹಂಗಾರೆ ನನ್ ಓಟ್ನೂ ಎಣಿಸ್ಬ್ಯಾಡಿ. ಇವ್ಳು ಮದ್ವೆಯಾಗಿ ಓಯ್ತಾಳೆ ಅನ್ಕಂಡೇ ಅವನ್ಗೆ ಕೈ ಎತ್ತಿದ್ದೆ. ಬಾಯ್ಬುಟ್ಟು ಹೇಳ್ನಿಲ್ಲ, ಅಷ್ಟೇಯ.”

ಅಧ್ಯಕ್ಷರು ಮತ್ತೆ ಎಣಿಸಿದರು. ನನಗೆ ನಾಲ್ಕು, ಅವನಿಗೆ ಮೂರು.

ಮನೆಯ ದಾರಿಯುದ್ದಕ್ಕೂ ಅಪ್ಪ ನನಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದರು. ಮರುದಿನ ಬೆಳಿಗ್ಗೆ ಡೈರಿಗೆ ಎಲ್ಲರಿಗಿಂತ ಮೊದಲು ಹಾಲು ತಂದವರು ಅವರೇ. ಕ್ಯಾನನ್ನು ನನ್ನ ಮುಂದಿಟ್ಟು, “ಡಿಗ್ರಿ ಸರ್ಯಾಗಿ ನೋಡಮ್ಮಿ. ಅಪ್ಪ ಅಂತ ಬುಟ್ಬುಡ್ಬ್ಯಾಡ,” ಎಂದು ಪಕ್ಕಕ್ಕೆ ಸರಿದು ನಿಂತರು.