ಮುನಿಗಂಗಪ್ಪನವರ ಟವೆಲು

ಚಂದ್ರನನ್ನು ವಶಪಡಿಸಿಕೊಂಡ ಸೇನೆಯ ವಿರುದ್ಧ ದಂಗೆ ಎದ್ದವರಲ್ಲಿ ಎಲ್ಲರಿಗಿಂತ ಹಳೆಯ ದಳಪತಿ ಮುನಿಗಂಗಪ್ಪ. ಒಂದು ಕಾಲಕ್ಕೆ ಕೃಷ್ಣರಾಜ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ಇಟ್ಟಿದ್ದ ಅವರು ಈಗ ತರಗುಪೇಟೆಯ ಬೇಳೆ ಗೋದಾಮಿನಿಂದ ಯುದ್ಧನೌಕೆಗಳನ್ನು ಆಕಾಶಕ್ಕೆ ಏರಿಸುತ್ತಿದ್ದರು. ನೌಕೆಗೆ ಗಾಡಿ ಎನ್ನುತ್ತಿದ್ದರು, ಶತ್ರುವಿಗೆ ಗಿರಾಕಿ ಎನ್ನುತ್ತಿದ್ದರು, ಉಲ್ಕೆಗಳ ನಡುವೆ ಸಿಕ್ಕಿಕೊಂಡರೂ "ಅವೆನ್ಯೂ ರೋಡಿಗಿಂತ ಜಾಗ ಜಾಸ್ತೀನೇ ಇದೆ, ನುಗ್ಗು ಮಗಾ" ಎನ್ನುತ್ತಿದ್ದರು. ಶತ್ರು ಕದ್ದು ಕೇಳುವ ರೇಡಿಯೊವನ್ನು ಅವರು ನಂಬುತ್ತಿರಲಿಲ್ಲ. ಹೊರಡುವ ಮುನ್ನ, ಮಂಡಿಯಲ್ಲಿ ದರ ಕುದುರಿಸುವಂತೆ, ಗಾಡಿ ಓಡಿಸುವ ಪ್ರತಿಯೊಬ್ಬರ ಕೈಯನ್ನು ಟವೆಲಿನ ಕೆಳಗೆ ಹಿಡಿದು, ಬೆರಳು ಅದುಮಿ, ಕಾದಾಟದಲ್ಲಿ ಅವರವರ ಜಾಗ ತಿಳಿಸುತ್ತಿದ್ದರು. "ಬದನೆಕಾಯಿ ಏನ್ ರೇಟು ಸಾರ್?" ಎಂದು ಅವರಲ್ಲೊಬ್ಬನಾದ ವೇಣು ಪ್ರತಿಸಲವೂ ರೇಗಿಸುತ್ತಿದ್ದ. "ನಿನ್ ತಲೆಗಿಂತ ಜಾಸ್ತಿ. ಕೈ ಕೊಡು." ಕಿರುಬೆರಳು ಅದುಮಿದರೆ ಎಲ್ಲರಿಗಿಂತ ಹಿಂದೆ ಉಳಿದು ಶತ್ರುವನ್ನು ತಡೆಯಬೇಕು, ಹಾಗೆ ಉಳಿದವರು ಮರಳಿದ್ದು ಕಡಿಮೆ. ಕಳೆದ ವಾರ, ಕೈ ಕೊಡಲು ನಿಂತ ಸಾಲಿನ ಕೊನೆಯಲ್ಲಿದ್ದ ರಕ್ಷಿತಾಳ ಕಿರುಬೆರಳನ್ನು ಅದುಮಿ, ಕೈ ಬಿಡದೆ ನಿಂತರು. ಮಂಡಿಯಲ್ಲೇ ಬೆಳೆದ ಅವಳಿಗೆ ಆಗ ಹೊಳೆಯಿತು: ಟವೆಲಿನ ಕೆಳಗೆ ಎದುರಿನವರೂ ಉತ್ತರ ಕೊಡಬಹುದು. ಅವರು ಅದಕ್ಕೇ ಕಾಯುತ್ತಿದ್ದರು, ಒಲ್ಲೆ ಎಂದರೂ ಪಕ್ಕದವರಿಗೆ ಕಾಣುವುದಿಲ್ಲ. ಅವಳು ಅವರ ಬೆರಳನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದಳು. ಅವರ ಮುಖ ಬದಲಾಗಲಿಲ್ಲ. ಎಲ್ಲರ ನಡುವೆ ಇರು ಎಂಬಂತೆ ಅವಳ ನಡುಬೆರಳನ್ನು ಅದುಮಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು, "ನಡೀರಿ, ಹೊತ್ತಾಯ್ತು" ಎಂದರು. ಸಂಜೆ ಅವರದೊಂದನ್ನು ಬಿಟ್ಟು ಎಲ್ಲ ಗಾಡಿಗಳೂ ಮರಳಿದವು. ಸಾರ್ ತಾವೇ ಯಾಕೆ ಹಿಂದೆ ಉಳಿದರು ಎಂದು ಎಲ್ಲರೂ ಒಬ್ಬರನ್ನೊಬ್ಬರು ಕೇಳಿದರು, ರಕ್ಷಿತಾಳೂ ಕೇಳಿದಳು.