ಅಮ್ಮ ಹಚ್ಚಿದ ಲೋಳೆಸರ

ಯಾರಾದರೂ ಲೋಳೆಸರವನ್ನು ಹೊಗಳಲು ಶುರುಮಾಡಿದರೆ ನಾನು ಏನಾದರೊಂದು ನೆಪ ಹೇಳಿ ಎದ್ದುಬಿಡುತ್ತೇನೆ. ಗಿಡದ ಮೇಲೆ ನನಗೆ ಸಿಟ್ಟಿಲ್ಲ. ಅದರ ಗುಣಗಾನವನ್ನು ನಾನೂ ಮಾಡಬಲ್ಲೆ. ಸುಟ್ಟ ಗಾಯಕ್ಕೆ ತಂಪು, ಒಣಗಿದ ಕೂದಲಿಗೆ ಜೀವ, ಮಜ್ಜಿಗೆಯಲ್ಲಿ ಕದಡಿ ಕುಡಿದರೆ ಹೊಟ್ಟೆಯುರಿ ಶಮನ, ತಿಂಗಳ ನೋವಿಗೆ ವೈದ್ಯರು ಅಳೆದು ಕೊಡುವ ಆಸವ. ಆಯುರ್ವೇದದಲ್ಲಿ ಅದಕ್ಕೆ ಕುಮಾರಿ ಎಂಬ ಚಂದದ ಹೆಸರೂ ಇದೆ. ಚೆನ್ನೈಯಲ್ಲಂತೂ ಅರ್ಧ ಊರು ಅದನ್ನು ಬೇರುಸಹಿತ ಕಿತ್ತು, ದೃಷ್ಟಿ ತಾಗದಿರಲೆಂದು ಬಾಗಿಲ ಮೇಲೆ ತಲೆಕೆಳಗಾಗಿ ತೂಗುಹಾಕುತ್ತದೆ. ಉಳಿದರ್ಧ ಬೆಸೆಂಟ್ ನಗರದ ಕಡಲ ಬದಿಯಲ್ಲಿ ವಾಕಿಂಗ್ ಮುಗಿಸಿ, ತಳ್ಳುಗಾಡಿಯ ಮುಂದೆ ನಿಂತು ಮೂಗು ಮುಚ್ಚಿಕೊಂಡು ಅದರ ರಸ ಕುಡಿಯುತ್ತದೆ. ನನ್ನ ಸಿಟ್ಟೇನಿದ್ದರೂ ಅಮ್ಮನ ಮೇಲೆ.

ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ ಅಮ್ಮ ಉಡುಪಿಯಿಂದ ವೇಲಚೇರಿಯ ನಮ್ಮ ಫ್ಲ್ಯಾಟಿಗೆ ಬಂದಳು. ನಾನು ರಕ್ತಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತೇನೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಗಾಗುತ್ತಲೇ ಸಾಲುಗಟ್ಟುವುದರಿಂದ ಆರೂವರೆಗೆಲ್ಲ ಮನೆ ಬಿಡಬೇಕು. ಗಂಡನಿಗೆ ಅವನ ಅಪ್ಪ ನಡೆಸುತ್ತಿದ್ದ ಹೋಟೆಲು. ಮೊದಲ ಇಡ್ಲಿ ಬೇಯುವ ಹೊತ್ತಿಗೆ ಅವನು ಅಲ್ಲಿರಬೇಕು. ಹಾಗಾಗಿ ಮಗು ಬೆಳೆದದ್ದು ಪಕ್ಕದ ಮನೆಯ ತಮಿಳು ಅಜ್ಜಿಯ ಮಡಿಲಲ್ಲಿ, ಅದರ ಮೊದಲ ಮಾತುಗಳೆಲ್ಲ ತಮಿಳು. ಆದರೆ ಮಧ್ಯಾಹ್ನ ಮೂರಕ್ಕೆ ನಾನು ಚಪ್ಪಲಿ ಬಿಡುವ ಸದ್ದು ಕೇಳಿದರೆ ಸಾಕು, ಎದ್ದೂಬಿದ್ದೂ ಓಡಿಬಂದು ನನ್ನ ಸೆರಗಿನೊಳಗೆ ತಲೆ ತೂರಿಸುತ್ತಿತ್ತು. ದಿನವಿಡೀ ಕಂಡವರ ಕೈಗೆ ಸೂಜಿ ಚುಚ್ಚಿ ಬಂದ ನನಗೆ ಆ ಅರ್ಧ ಗಂಟೆಯೇ ಬದುಕು. ಎರಡು ವರ್ಷ ತುಂಬುವವರೆಗೆ ಹಾಲು ಬಿಡಿಸುವುದಿಲ್ಲ ಎಂದು ಅಮ್ಮನಿಗೆ ಬಂದ ದಿನವೇ ಹೇಳಿದ್ದೆ. ಆಗಲಿ ಎಂದೇ ತಲೆಯಾಡಿಸಿದ್ದಳು.

ಆದರೆ ತಲೆಯಾಡಿಸುವುದು ಬೇರೆ, ಒಪ್ಪುವುದು ಬೇರೆ. ಮಗು ಅನ್ನ ಮುಟ್ಟುವುದಿಲ್ಲ, ನಾನು ಕಡ್ಡಿಯಾಗಿದ್ದೇನೆ ಎಂದು ದಿನಕ್ಕೆರಡು ಸಲ ಅವಳು ಗೊಣಗುತ್ತಿದ್ದಳು. ನಾನು ಕೇಳಿಸಿಕೊಂಡು ಸುಮ್ಮನಾಗುತ್ತಿದ್ದೆ. ಸುಮ್ಮನಾದದ್ದನ್ನು ಅವಳು ಏನೆಂದುಕೊಂಡಳೋ.

ಬಾಲ್ಕನಿಯ ಕುಂಡದಲ್ಲಿ ಲೋಳೆಸರ ಸೊಕ್ಕಿ ಬೆಳೆದಿತ್ತು. ಅಮ್ಮ ಮಜ್ಜಿಗೆಗೆ ಹಾಕಲೆಂದು ದಿನವೂ ಬುಡದ ದಪ್ಪ ಎಲೆಯೊಂದನ್ನು ಕೊಯ್ದು, ಕೊಯ್ದ ತುದಿ ಕೆಳಗಾಗುವಂತೆ ಸ್ಟೀಲ್ ಲೋಟದಲ್ಲಿ ನಿಲ್ಲಿಸುತ್ತಿದ್ದಳು. ಅರ್ಧ ಗಂಟೆಯಲ್ಲಿ ಲೋಟದ ತಳದಲ್ಲಿ ಹಳದಿ ರಸ ಇಳಿದಿರುತ್ತಿತ್ತು. ಅದು ವಿಪರೀತ ಕಹಿ, ಹೊಟ್ಟೆಗೆ ಹೋದರೆ ಭೇದಿ, ಬಸುರಿಯರಂತೂ ಹತ್ತಿರ ಸುಳಿಯಬಾರದು ಎಂದು ಹೇಳುತ್ತಾ ಅದನ್ನು ಸಿಂಕಿಗೆ ಚೆಲ್ಲಿ, ಮತ್ತೆ ಮತ್ತೆ ನೀರು ಬಿಡುತ್ತಿದ್ದಳು. ಸಿಪ್ಪೆ ಸುಲಿದ ಮೇಲೆ ಒಳಗಿನ ತಿರುಳನ್ನು ಏಳು ನೀರಿನಲ್ಲಿ ತೊಳೆಯುವುದನ್ನು ಪಕ್ಕದ ಮನೆಯ ಅಜ್ಜಿ ಕೈಸನ್ನೆಯಲ್ಲೇ ಹೇಳಿಕೊಟ್ಟಿದ್ದರು. ಯಾರ ಮಾತನ್ನೂ ಕೇಳಿದವಳಲ್ಲದ ಅಮ್ಮ ಅದೊಂದನ್ನು ಮಾತ್ರ ಮರುಮಾತಿಲ್ಲದೆ ಒಪ್ಪಿಕೊಂಡಿದ್ದಳು. ಹೋಟೆಲಿನ ಕಾದ ಕಾವಲಿಗೆ ಕೈ ತಾಗಿ ಬೊಬ್ಬೆಯೆದ್ದಾಗ ಗಂಡನಿಗೂ ಇದೇ ತಿರುಳು. ನಾಲ್ಕೇ ದಿನದಲ್ಲಿ ಗಾಯ ಮಾಗಿ, ಅವನು ಅತ್ತೆಯ ಪರಮಭಕ್ತನಾದ.

ಮಗುವಿಗೆ ಹೊಸ ಹಲ್ಲು ಬಂದು ನನ್ನ ಎದೆಯ ತೊಟ್ಟು ಒಡೆದಾಗಲೂ ಅಮ್ಮ ಅದನ್ನೇ ಹಚ್ಚಿದಳು. ಮೂರು ದಿನ ತಣ್ಣಗೆ ಹಚ್ಚಿ, ಹಾಲು ಕೊಡುವ ಮೊದಲು ಬಿಸಿನೀರಿನಲ್ಲಿ ಒರೆಸಿದಳು. ನಿಜಕ್ಕೂ ವಾಸಿಯಾಯಿತು. ಈ ವಯಸ್ಸಿನಲ್ಲಿಯೂ ಅಮ್ಮನ ಮುಂದೆ ರವಿಕೆ ಬಿಚ್ಚಿ ಕೂತು, ಅವಳ ಬೆರಳಿಗೆ ಮೈ ಒಪ್ಪಿಸುವುದರಲ್ಲಿ ಒಂದು ಸುಖವಿತ್ತು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಅದಾಗಿ ಒಂದು ವಾರಕ್ಕೆ, ನಾನು ಕೆಲಸದಿಂದ ಬಂದು ಕೈಕಾಲು ತೊಳೆಯುತ್ತಿದ್ದಂತೆ ಅಮ್ಮ ಬಟ್ಟಲು ಹಿಡಿದು ಬಂದಳು. ಒಂದು ಕಡೆ ಇನ್ನೂ ಕೆಂಪಗಿದೆ, ಎರಡೂ ಕಡೆ ಹಚ್ಚಿಬಿಡುತ್ತೇನೆ ಎಂದಳು. ಮಗು ಈಗ ಪಕ್ಕದ ಮನೆಯಿಂದ ಬಂದುಬಿಡುತ್ತದೆ, ಒರೆಸಲು ಬಿಸಿನೀರೆಲ್ಲಿ ಎಂದು ಕೇಳಿದೆ.

"ಒರೆಸುದೆಂತ ಬೇಡ ಮಾರಾಯ್ತಿ. ಏಳು ನೀರಲ್ಲಿ ತೊಳ್ದಿದ್ದೇನೆ. ಮಗುವಿಗೆ ಎಂತ ಆಗುದಿಲ್ಲ."

ಘಾಟು ವಾಸನೆಯೊಂದು ಮೂಗಿಗೆ ಬಡಿಯಿತು. ಎಲೆ ಬಲಿತಿರಬೇಕು ಅಂದುಕೊಂಡೆ. ಲ್ಯಾಬಿನಲ್ಲಿ ಬಣ್ಣ ನೋಡಿ, ವಾಸನೆ ನೋಡಿ ಅನುಮಾನ ಪಡುವುದೇ ನನ್ನ ಕೆಲಸ. ಆದರೆ ಅಮ್ಮನ ಬೆರಳನ್ನು ಯಾರಾದರೂ ಪರೀಕ್ಷಿಸುತ್ತಾರೆಯೇ?

ಮಗು ಬಂತು, ಬಾಯಿ ಹಾಕಿತು, ತಟ್ಟನೆ ಬಿಟ್ಟಿತು. ಅಳಲಿಲ್ಲ. ನಾಲಿಗೆ ಹೊರಗೆ ಚಾಚಿಕೊಂಡು ನನ್ನ ಮುಖವನ್ನೇ ನೋಡಿತು. ಏನೋ ತಪ್ಪಾಗಿದೆ, ನಾನು ಸರಿಮಾಡುತ್ತೇನೆ ಎಂದು ನಂಬಿದಂತಿತ್ತು ಆ ನೋಟ. ಆಮೇಲೆ ತಾನಾಗಿಯೇ ಇನ್ನೊಂದು ಕಡೆಗೆ ತಿರುಗಿ ಬಾಯಿ ಹಾಕಿತು. ಅಲ್ಲಿಯೂ ಅದೇ. ಆಗ ಅಳು ಕಿತ್ತುಕೊಂಡು ಬಂತು. ನಾನು ಎತ್ತಿಕೊಳ್ಳಲು ಹೋದರೆ ಎರಡೂ ಅಂಗೈಯಿಂದ ನನ್ನ ಎದೆಯನ್ನು ದೂಡಿತು. ಅಷ್ಟರಲ್ಲಿ ಅಮ್ಮ ಅದನ್ನು ಎತ್ತಿಕೊಂಡಾಗಿತ್ತು. ಬೆಲ್ಲ ಹಾಕಿ ಕಿವುಚಿದ ಬಾಳೆಹಣ್ಣು ಟೇಬಲ್ಲಿನ ಮೇಲೆ ಸಿದ್ಧವಾಗಿತ್ತು. ಅದನ್ನು ನೋಡಿದ ಮೇಲೆಯೇ ನನಗೆ ಎಲ್ಲ ಹೊಳೆದದ್ದು. ಬೆರಳಿಗೆ ಅಂಟಿದ್ದನ್ನು ನೆಕ್ಕಿದೆ. ಗಂಟಲವರೆಗೂ ಕಹಿ. ದಿನವೂ ಸಿಂಕಿಗೆ ಚೆಲ್ಲುತ್ತಿದ್ದ ಹಳದಿ ರಸವನ್ನು ಆವತ್ತು ಅವಳು ಬಟ್ಟಲಿಗೆ ಬಸಿದಿಟ್ಟುಕೊಂಡಿದ್ದಳು.

ಕೂಗಾಡಿದೆ. ಅಮ್ಮ ಮಗುವಿಗೆ ಬಾಳೆಹಣ್ಣು ತಿನ್ನಿಸುವುದನ್ನು ನಿಲ್ಲಿಸಲಿಲ್ಲ.

"ನಿಂಗೂ ಹೀಗೇ ಬಿಡಿಸಿದ್ದು ನಾನು. ಕೇಳಿದ್ರೆ ನೀನು ಒಪ್ತಿದ್ದಿಯಾ?"

ಒಪ್ಪುತ್ತಿರಲಿಲ್ಲ. ಅದಕ್ಕೇ ಕೇಳಬೇಕಿತ್ತು. ಸಂಜೆ ಗಂಡ ಬಂದಾಗ ಅವನ ಮೊದಲ ಪ್ರಶ್ನೆಯೇ, ಬಿಟ್ಟಿತಾ ಎಂದು. ನನ್ನನ್ನಲ್ಲ, ಅಮ್ಮನನ್ನು ಕೇಳಿದ. ಇಬ್ಬರೂ ಕೂತು ಸೋಮವಾರವೇ ಮಾತಾಡಿಕೊಂಡಿದ್ದರಂತೆ. ನಿನ್ನ ಒಳ್ಳೆಯದಕ್ಕೇ ಅಲ್ಲವಾ ಎಂದ. ನನ್ನ ಎದೆ, ನನ್ನ ಹಾಲು, ನನ್ನ ಮಗು. ನನ್ನೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಸೇರಿ ತೀರ್ಮಾನ ಮಾಡಿದ್ದರು. ಲ್ಯಾಬಿಗೆ ಬರುವ ಮಕ್ಕಳಿಗೆ ಸೂಜಿ ಚುಚ್ಚುವಾಗ ನೋಯುವುದಿಲ್ಲ ಎಂದು ನಾನು ಇವತ್ತಿನವರೆಗೆ ಸುಳ್ಳು ಹೇಳಿದವಳಲ್ಲ. ನೋಯುತ್ತದೆ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ ಎಂದೇ ಹೇಳುತ್ತೇನೆ. ಅಂಥವಳ ಮೈಯನ್ನೇ ಉಪಾಯಕ್ಕೆ ಬಳಸಿ ನನ್ನ ಮಗುವಿಗೆ ಮೋಸಮಾಡಿಸಿದರು. ಮೋಸ ಎನ್ನದೆ ಇದಕ್ಕೆ ಬೇರೆ ಯಾವ ಪದ ಹಾಕಲಿ?

ಮಾರನೆಯ ದಿನ ಸೋಪು ಹಾಕಿ, ಕಡಲೆಹಿಟ್ಟು ಹಾಕಿ, ಚರ್ಮ ಕಿತ್ತುಬರುವಂತೆ ತೊಳೆದುಕೊಂಡು ಮಗುವನ್ನು ಕರೆದೆ. ಬಂತು. ಹತ್ತಿರ ಬಂದು ಮೂಸಿ ನೋಡಿ, ಅಮ್ಮನ ಹಿಂದೆ ಹೋಗಿ ಅವಳ ಸೀರೆ ಹಿಡಿದು ನಿಂತಿತು. ಅವತ್ತಿನಿಂದ ಅನ್ನ ತಿನ್ನಿಸುವುದೂ ಮಧ್ಯಾಹ್ನ ಮಲಗಿಸುವುದೂ ಅವಳೇ. ಕಹಿ ಹಚ್ಚಿದವಳು ಅವಳು, ಕಹಿಯಾದವಳು ನಾನು.

ಮೂರನೆಯ ದಿನಕ್ಕೆ ಎದೆ ಕಲ್ಲಾಗಿ ಜ್ವರ ಬಂತು. ಅಮ್ಮ ಲೋಳೆಸರದ ಬೇರು ತೇಯ್ದು, ಅರಿಶಿನ ಸೇರಿಸಿ, ಬೆಚ್ಚಗೆ ಮಾಡಿ ತಂದಳು. ಹಾಲು ಕಟ್ಟಿದ ಊತಕ್ಕೆ ಅದೇ ಮದ್ದು ಎಂದು ಬೆಸೆಂಟ್ ನಗರದ ಆಯುರ್ವೇದ ವೈದ್ಯೆಯೂ ಫೋನಿನಲ್ಲಿ ಹೇಳಿದ್ದರು. ಬಾವು ಹೆಚ್ಚಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕೆಂದೂ, ಆ ಹಳದಿ ರಸ ಹಸುಳೆಯ ಹೊಟ್ಟೆಗೆ ಹೋಗಕೂಡದಿತ್ತೆಂದೂ ಗದರಿದ್ದರು. ನಾನು ಗೋಡೆ ನೋಡುತ್ತಾ ಮಲಗಿದೆ, ಅಮ್ಮ ಲೇಪ ಹಚ್ಚಿದಳು. ಎರಡು ದಿನದಲ್ಲಿ ಬಾವು ಇಳಿಯಿತು. ಅವಳ ಕೈಗುಣವನ್ನು ಅಲ್ಲಗಳೆಯಲಾಗದ್ದಕ್ಕೂ ನನಗೆ ಸಿಟ್ಟು ಬಂತು.

ತಿಂಗಳಾದ ಮೇಲೆ ಅಮ್ಮ ಊರಿಗೆ ಹೊರಟಳು. ಎಗ್ಮೋರ್ ಸ್ಟೇಷನ್ನಿನಲ್ಲಿ ರೈಲಿಗಾಗಿ ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದೆವು. ಮಗು ಅಜ್ಜಿಯ ಕುತ್ತಿಗೆ ಬಿಡಲೊಲ್ಲದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಅದರ ಗಲ್ಲ ಹಿಡಿದು ತಮಿಳಿನಲ್ಲಿ, ಅಜ್ಜಿ ಊರಿಗೆ ಹೋಗಬೇಕಲ್ಲ ಕಂದಾ, ಅಮ್ಮನ ಹತ್ತಿರ ಹೋಗು ಎಂದು ಮುದ್ದಿನಿಂದ ಹೇಳಿದಳು. ಮಗು ನನ್ನ ಎದೆಯ ಕಡೆ ಬೆರಳು ತೋರಿಸಿತು.

"ಅಮ್ಮಾ ಕಸಪ್ಪು."

ಹೆಂಗಸು ನಕ್ಕುಬಿಟ್ಟಳು. ಅಮ್ಮನಿಗೆ ತಮಿಳು ಬಾರದು. ಮಗು ಎಂತ ಹೇಳಿತು ಎಂದು ನನ್ನನ್ನು ಕೇಳಿದಳು. ಅಮ್ಮ ಕಹಿ ಅಂತಿದೆ ಎಂದೆ. ಕೇಳಿ ಅವಳ ಮುಖ ಬಾಡಬಹುದು, ಒಂದು ಮಾತಾದರೂ ಆಡಬಹುದು ಎಂದು ಕಾದೆ. ತಿಂಗಳಿಡೀ ನಾನು ಕಾದಿದ್ದು ಆ ಒಂದು ಮಾತಿಗೇ.

ಅಮ್ಮ ನಿರಾಳವಾಗಿ ಮಗುವಿನ ಬೆನ್ನು ಸವರಿದಳು.

"ಹಾಗಾದ್ರೆ ಇನ್ನು ಹೆದ್ರಿಕೆ ಇಲ್ಲ. ನಾನು ಹೋದ್ಮೇಲೆ ಪುನಃ ಶುರು ಮಾಡ್ತದೋ ಅಂತಿದ್ದೆ."